ಲಿನಕ್ಸ್ ಹಾಕುವಾಗ ಹಾರ್ಡ್‌ವೇರ್ ತಾನಾಗಿಯೇ ಗುರುತಾಗಬೇಕೇ? ಡಿಸ್ಟ್ರೋ ಆರಿಸುವ ಮುಂಚೆ ಇದನ್ನೊಮ್ಮೆ ಓದಿ

ಲಿನಕ್ಸ್ ಇನ್‌ಸ್ಟಾಲ್ ಆಗಿ ಮೊದಲ ಸಲ ಡೆಸ್ಕ್‌ಟಾಪ್ ಬಂದಾಗ ನಮ್ಮೆಲ್ಲರ ಕಣ್ಣು ಹೋಗುವುದು ಮೂಲೆಯ ವೈಫೈ ಗುರುತಿನ ಕಡೆಗೆ. ಅಲ್ಲಿ ಹೆಸರುಗಳ ಪಟ್ಟಿ ಬಂತೆಂದರೆ ಅರ್ಧ ಗೆದ್ದ ಹಾಗೆ. ಬರಲಿಲ್ಲ ಅಂದರೆ "ಈ ಡಿಸ್ಟ್ರೋಗೆ ನನ್ನ ಹಾರ್ಡ್‌ವೇರ್ ಗೊತ್ತಾಗಲಿಲ್ಲ" ಅಂತ ಬೇಜಾರು ಮಾಡಿಕೊಂಡು ಇನ್ನೊಂದನ್ನು ಡೌನ್‌ಲೋಡ್‌ಗೆ ಹಾಕುತ್ತೇವೆ. (ಡಿಸ್ಟ್ರೋ ಅಂದರೆ ಉಬುಂಟು, ಫೆಡೋರಾದ ಹಾಗೆ ಲಿನಕ್ಸನ್ನು ಸಿದ್ಧಮಾಡಿ ಕೊಡುವ ಒಂದೊಂದು ಬಗೆ.) ನಾನೂ ತುಂಬ ದಿನ ಹೀಗೇ ಮಾಡಿದೆ. ಒಂದೇ ಲ್ಯಾಪ್‌ಟಾಪಿಗೆ ಒಂದೇ ವಾರದಲ್ಲಿ ಮೂರು ಡಿಸ್ಟ್ರೋ ಹಾಕಿ ತೆಗೆದಿದ್ದೆ.

ಆಮೇಲೆ ಕೂತು ನೋಡಿದಾಗ ಗೊತ್ತಾಯಿತು, ಆ ಮೂರೂ ನನ್ನ ವೈಫೈ ಚಿಪ್ಪನ್ನು ಗುರುತಿಸಿದ್ದವು. ನಂಬರ್ ಸಮೇತ. ಗುರುತು ಸಿಕ್ಕ ಮೇಲೆ ಮುಂದೇನು ಅನ್ನುವಲ್ಲಿ ಮಾತ್ರ ಒಂದೊಂದೂ ಒಂದೊಂದು ಕಡೆ ನಿಂತುಬಿಟ್ಟಿತ್ತು. ಒಂದರ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಹಳೆಯದು; ಆ ಚಿಪ್ಪನ್ನು ನಡೆಸುವ ಡ್ರೈವರೇ ಅದರಲ್ಲಿ ಇರಲಿಲ್ಲ. ಇನ್ನೊಂದರಲ್ಲಿ ಡ್ರೈವರ್ ಇತ್ತು, ಚಿಪ್ಪಿನ ಒಳಗೆ ಓಡಬೇಕಾದ ಫರ್ಮ್‌ವೇರ್ ಫೈಲ್ ಇರಲಿಲ್ಲ. ಮೂರನೆಯದರಲ್ಲಿ ಎರಡೂ ಇತ್ತು, ಆದರೆ ಲ್ಯಾಪ್‌ಟಾಪಿನ ಸೆಟ್ಟಿಂಗ್‌ನಲ್ಲೇ ವೈಫೈ ಆಫ್ ಆಗಿತ್ತು, ಅದನ್ನು ನಾನು ನೋಡಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. "ಯಾವ ಡಿಸ್ಟ್ರೋ ಹಾರ್ಡ್‌ವೇರನ್ನು ಚೆನ್ನಾಗಿ ಗುರುತಿಸುತ್ತದೆ" ಅಂತ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಗುರುತಿಸುವ ಕೆಲಸ ಕರ್ನಲ್‌ನದು, ಕರ್ನಲ್ ಎಲ್ಲ ಕಡೆ ಒಂದೇ, ಆವೃತ್ತಿ ಮಾತ್ರ ಬೇರೆ. ಕೇಳಬೇಕಾದದ್ದು ಮೂರು: ಇದರ ಕರ್ನಲ್ ನನ್ನ ಯಂತ್ರಕ್ಕಿಂತ ಹೊಸದಾ? ಫರ್ಮ್‌ವೇರ್ ಜೊತೆಗೇ ಬರುತ್ತದಾ? ಕಂಪನಿಗಳು ಸೋರ್ಸ್ ಕೊಡದೆ ಇಟ್ಟುಕೊಂಡಿರುವ ಡ್ರೈವರುಗಳನ್ನು ಇದು ಹೇಗೆ ನೋಡಿಕೊಳ್ಳುತ್ತದೆ?

ಗುರುತು ಸಿಗುವುದು ಹೇಗೆ

ಕಂಪ್ಯೂಟರಿನ ಒಳಗಿರುವ ಪಿಸಿಐ ಸಾಧನಗಳಲ್ಲಿ (ಮದರ್‌ಬೋರ್ಡಿಗೆ ಪಿಸಿಐ ದಾರಿಯಲ್ಲಿ ಜೋಡಿಸಿದ ವೈಫೈ, ಗ್ರಾಫಿಕ್ಸ್‌ನಂಥವು) ಪ್ರತಿಯೊಂದಕ್ಕೂ ಎರಡು ನಂಬರ್ ಇರುತ್ತವೆ. ಒಂದು ತಯಾರಿಸಿದ ಕಂಪನಿಯದು, ಇನ್ನೊಂದು ಆ ಮಾಡೆಲ್‌ನದು. ಇಂಟೆಲ್‌ನ ನಂಬರ್ 8086. ಅವರ ಹೆಸರುವಾಸಿ ಪ್ರೊಸೆಸರಿನ ನಂಬರನ್ನೇ ಇಟ್ಟುಕೊಂಡಿದ್ದಾರೆ. ಎಎಮ್‌ಡಿ ಗ್ರಾಫಿಕ್ಸ್ ಕಾರ್ಡುಗಳದ್ದು 1002, ಅದು ಮೊದಲು ಎಟಿಐ ಕಂಪನಿಯ ನಂಬರ್ ಆಗಿತ್ತು. ಯುಎಸ್‌ಬಿ ಸಾಧನಗಳಿಗೂ ಹೀಗೇ ಜೋಡಿ ನಂಬರ್ ಇರುತ್ತದೆ.

ಬೂಟ್ ಆಗುವಾಗ ಕರ್ನಲ್ ಒಂದೊಂದು ಜಾಗದಲ್ಲೂ "ಯಾರಿದ್ದೀರಿ" ಅಂತ ಕೇಳುತ್ತಾ ಹೋಗುತ್ತದೆ. ಉತ್ತರವಾಗಿ ಬಂದ ನಂಬರುಗಳನ್ನು ಸೇರಿಸಿ ಒಂದು ಉದ್ದನೆಯ ಸಾಲು ಮಾಡುತ್ತದೆ, ಅದಕ್ಕೆ ಮಾಡ್‌ಅಲಿಯಾಸ್ ಅನ್ನುತ್ತಾರೆ. ಯುಡೆವ್ ಅನ್ನುವ ತಂತ್ರಾಂಶ ಆ ಸಾಲನ್ನು ಹಿಡಿದುಕೊಂಡು ಡ್ರೈವರುಗಳ ಪಟ್ಟಿಯಲ್ಲಿ ಹುಡುಕಿಸುತ್ತದೆ. ಪ್ರತಿ ಡ್ರೈವರೂ ತಾನು ಯಾವ ಯಾವ ನಂಬರುಗಳಿಗೆ ಆಗುತ್ತೇನೆ ಅಂತ ಮೊದಲೇ ಬರೆಸಿಟ್ಟಿರುತ್ತದೆ. ತಾಳೆಯಾದರೆ ಡ್ರೈವರ್ ಲೋಡ್ ಆಯಿತು. ಇಷ್ಟೇ. ಡೆಬಿಯನ್ ಇರಲಿ, ಫೆಡೋರಾ ಇರಲಿ, ಆರ್ಚ್ ಇರಲಿ, ಒಳಗೆ ನಡೆಯುವುದು ಇದೇ.

ಹಿಂದೆ ಹೀಗಿರಲಿಲ್ಲ. 1990ರ ದಶಕದ ಐಎಸ್‌ಎ ಅನ್ನುವ ಹಳೆಯ ಬಗೆಯ ಕಾರ್ಡುಗಳಲ್ಲಿ ಇಂಥ ನಂಬರ್ ಇರುತ್ತಿದ್ದುದು ಕಡಿಮೆ. ನೆಟ್‌ವರ್ಕ್ ಕಾರ್ಡ್ ಯಾವ ಪೋರ್ಟಿನಲ್ಲಿದೆ, ಯಾವ ಇಂಟರಪ್ಟ್ ಬಳಸುತ್ತಿದೆ ಅಂತ ನಾವೇ ಬರೆಯಬೇಕಿತ್ತು. ಮಾನಿಟರ್ ಎಷ್ಟು ಕಿಲೋಹರ್ಟ್ಜ್ ತಡೆಯುತ್ತದೆ ಅಂತ ಅದರ ಪುಸ್ತಕ ತೆಗೆದು ನೋಡಿ ತುಂಬಬೇಕಿತ್ತು, ತಪ್ಪು ಬರೆದರೆ ಹಳೆಯ ಮಾನಿಟರ್ ಹಾಳಾಗುವ ಭಯ ಬೇರೆ. 2000ದಲ್ಲಿ ಬಂದ ನಾಪಿಕ್ಸ್ ಅನ್ನುವ ಡಿಸ್ಟ್ರೋ, ಸಿಡಿ ಹಾಕಿದರೆ ಸಾಕು, ಪರದೆ, ಸೌಂಡು, ನೆಟ್‌ವರ್ಕು ಎಲ್ಲ ತಾನೇ ಹುಡುಕಿಕೊಂಡು ಎದ್ದು ನಿಲ್ಲುತ್ತಿತ್ತು. ಅದನ್ನು ಜನ ಪವಾಡದ ಹಾಗೆ ನೋಡಿದ್ದು ಇದೇ ಕಾರಣಕ್ಕೆ. ಯುಡೆವ್ ಬಂದದ್ದು 2003ರಲ್ಲಿ.

ಈಗ ನಿಮ್ಮ ಯಂತ್ರದಲ್ಲೇ ಇದನ್ನು ನೋಡಬಹುದು. ಯಾವುದಾದರೂ ಡಿಸ್ಟ್ರೋದ ಲೈವ್ ಪೆನ್‌ಡ್ರೈವಿನಿಂದ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವಂಥದ್ದು) ಬೂಟ್ ಮಾಡಿ, ಟರ್ಮಿನಲ್ ತೆಗೆದು ಎಲ್‌ಎಸ್‌ಪಿಸಿಐ ಕಮಾಂಡ್ ಕೊಡಿ. ಮುಂದೆ ಒಂದು ಜಾಗ ಬಿಟ್ಟು, ಹೈಫನ್ ಹಾಕಿ, ಎನ್‌ಎನ್‌ಕೆ ಅಂತ ಸೇರಿಸಿ. ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರದಲ್ಲಿ. ಉದ್ದ ಪಟ್ಟಿ ಬರುತ್ತದೆ, ಹೆದರಬೇಡಿ. ವೈಫೈ ಇರುವ ಕಡೆ ಇಳಿದು ನೋಡಿ. ಇಂಟೆಲ್ ಎಎಕ್ಸ್210 ಚಿಪ್ ಇದ್ದರೆ ಮೊದಲ ಸಾಲಿನಲ್ಲಿ "ನೆಟ್‌ವರ್ಕ್ ಕಂಟ್ರೋಲರ್" ಅಂತ ಶುರುವಾಗಿ, ಕೊನೆಯ ಹೊತ್ತಿಗೆ ಚೌಕ ಕಂಸದಲ್ಲಿ 8086:2725 ಅಂತ ಇರುತ್ತದೆ. ಅದರ ಕೆಳಗೆ, ಸ್ವಲ್ಪ ಒಳಗೆ ಸರಿದು, "ಕರ್ನಲ್ ಡ್ರೈವರ್ ಇನ್ ಯೂಸ್" ಅಂತ ಒಂದು ಸಾಲು. ನಮಗೆ ಬೇಕಾದ ಸಾಲು ಅದೇ. ಅದು ಇದ್ದರೆ ಡ್ರೈವರ್ ಕೂತಿದೆ. ಅದಿಲ್ಲದೆ ಬರೀ ಹೆಸರು, ನಂಬರ್ ಮಾತ್ರ ಇದ್ದರೆ ಚಿಪ್ಪನ್ನು ಕಂಡಿದೆ, ಕೆಲಸ ಮಾಡಿಸುವವರು ಸಿಕ್ಕಿಲ್ಲ ಅಂತ ಅರ್ಥ.

ಡ್ರೈವರ್ ಇದ್ದೂ ನಡೆಯದಿರುವುದು

ಇದು ತುಂಬ ಜನರನ್ನು ಸುಸ್ತು ಮಾಡಿಸುವ ಜಾಗ. ಈಗಿನ ವೈಫೈ, ಬ್ಲೂಟೂತ್, ಗ್ರಾಫಿಕ್ಸ್ ಚಿಪ್ಪುಗಳ ಒಳಗೆ ಅವುಗಳದ್ದೇ ಸಣ್ಣ ಪ್ರೊಸೆಸರ್ ಇರುತ್ತದೆ. ಅದು ಓಡಿಸುವ ಪ್ರೋಗ್ರಾಂ ಚಿಪ್ಪಿನಲ್ಲಿ ಉಳಿಯುವುದಿಲ್ಲ. ಪ್ರತಿ ಸಲ ಪವರ್ ಬಂದಾಗಲೂ ಆಪರೇಟಿಂಗ್ ಸಿಸ್ಟಂ ಅದನ್ನು ಒಳಗೆ ಹಾಕಬೇಕು. ಆ ಪ್ರೋಗ್ರಾಮೇ ಫರ್ಮ್‌ವೇರ್ ಫೈಲ್. ಡ್ರೈವರ್ ಕರ್ನಲ್‌ನ ಜೊತೆ ಬರುತ್ತದೆ, ಫರ್ಮ್‌ವೇರ್ ಬೇರೆ ಪ್ಯಾಕೇಜಿನಲ್ಲಿ ಬರುತ್ತದೆ. ಅದರ ಸೋರ್ಸ್ ಕೋಡನ್ನು ಕಂಪನಿಗಳು ಹೆಚ್ಚಾಗಿ ಕೊಡುವುದಿಲ್ಲ. ಅದಕ್ಕೇ "ಇದನ್ನು ನಮ್ಮ ಡಿಸ್ಟ್ರೋ ಜೊತೆ ಹಂಚಬಹುದಾ, ಬೇಡವಾ" ಅನ್ನುವ ವಾದ ವರ್ಷಗಟ್ಟಲೆ ನಡೆಯಿತು.

ಫರ್ಮ್‌ವೇರ್ ಸಿಗಲಿಲ್ಲ ಅಂದರೆ ಕರ್ನಲ್ ಅದನ್ನು ಬಾಯಿಬಿಟ್ಟು ಹೇಳುತ್ತದೆ, ನಾವು ಕೇಳಿಸಿಕೊಳ್ಳಬೇಕಷ್ಟೆ. ಟರ್ಮಿನಲ್‌ನಲ್ಲಿ ಸೂಡು (ಅಡ್ಮಿನ್ ಅಧಿಕಾರ ಕೊಡುವ ಪದ) ಹಾಕಿ ಡಿಮೆಸೇಜ್ ಕಮಾಂಡ್ (ಬರೆಯುವುದು ಡಿ-ಎಮ್-ಇ-ಎಸ್-ಜಿ ಅಂತ) ಕೊಟ್ಟು, ಬಂದದ್ದರಲ್ಲಿ ಫರ್ಮ್‌ವೇರ್ ಅನ್ನುವ ಪದ ಹುಡುಕಿ. ಯಾವ ಹೆಸರಿನ ಫೈಲ್ ಬೇಕಿತ್ತು, ಸಿಗಲಿಲ್ಲ ಅನ್ನುವುದು ಅಲ್ಲೇ ಬರೆದಿರುತ್ತದೆ. ಆ ಫೈಲಿನ ಹೆಸರು ಕೈಗೆ ಸಿಕ್ಕರೆ ಉಳಿದ ಕೆಲಸ ಹತ್ತು ನಿಮಿಷದ್ದು.

ಈಗ ಒಂದೊಂದೇ ಡಿಸ್ಟ್ರೋಗೆ ಬರೋಣ.

ಡೆಬಿಯನ್

ಡೆಬಿಯನ್ನಿನ ಇನ್‌ಸ್ಟಾಲರ್ ತಾನು ಮಾಡುವುದನ್ನು ಹಂತ ಹಂತವಾಗಿ ತೋರಿಸುತ್ತದೆ. ನೆಟ್‌ವರ್ಕ್ ಹಾರ್ಡ್‌ವೇರ್ ಹುಡುಕುವುದು ಒಂದು ಹಂತ, ಡಿಸ್ಕ್ ಹುಡುಕುವುದು ಇನ್ನೊಂದು ಹಂತ. ಎಲ್ಲಿ ಸಿಕ್ಕಿಕೊಂಡಿತು ಅಂತ ಗೊತ್ತಾಗುತ್ತದೆ. ಟೆಕ್ಸ್ಟ್ ಇನ್‌ಸ್ಟಾಲರಿನಲ್ಲಿ ಆಲ್ಟ್ ಒತ್ತಿಕೊಂಡು ಎಫ್4 ಒತ್ತಿದರೆ ಹಿಂದೆ ಏನು ನಡೆಯುತ್ತಿದೆ ಅನ್ನುವ ಲಾಗ್ ಸಾಲು ಸಾಲಾಗಿ ಹರಿಯುವುದು ಕಾಣುತ್ತದೆ. ಎಫ್2 ಒತ್ತಿದರೆ ಒಂದು ಶೆಲ್ ಸಿಗುತ್ತದೆ. ಎಫ್1ಕ್ಕೆ ಬಂದರೆ ಮತ್ತೆ ಇನ್‌ಸ್ಟಾಲರ್. ಇಷ್ಟು ಬಿಚ್ಚಿ ತೋರಿಸುವ ಇನ್‌ಸ್ಟಾಲರ್ ಅಂದರೆ ನನಗೆ ಬಹಳ ಇಷ್ಟ.

ಮೊದಲು ಇದರ ತೊಂದರೆ ಫರ್ಮ್‌ವೇರಿನದು. ಡೆಬಿಯನ್ 11ರ ತನಕ ಅಧಿಕೃತ ಐಎಸ್‌ಒದಲ್ಲಿ (ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳುವ ಫೈಲಿನಲ್ಲಿ) ಮುಕ್ತವಲ್ಲದ, ಅಂದರೆ ಸೋರ್ಸ್ ಸಿಗದ, ಫರ್ಮ್‌ವೇರ್ ಇರುತ್ತಿರಲಿಲ್ಲ. ಇನ್‌ಸ್ಟಾಲ್ ಮಧ್ಯದಲ್ಲಿ ಒಂದು ಪರದೆ ಬರುತ್ತಿತ್ತು: ನಿಮ್ಮ ಹಾರ್ಡ್‌ವೇರಿಗೆ ಈ ಫೈಲುಗಳು ಬೇಕು, ಪೆನ್‌ಡ್ರೈವಿನಲ್ಲಿ ತಂದುಕೊಡಿ ಅಂತ. ಕೆಳಗೆ ಫೈಲುಗಳ ಹೆಸರು. ಇರುವುದು ಒಂದೇ ಕಂಪ್ಯೂಟರ್, ಅದೂ ಅರ್ಧ ಇನ್‌ಸ್ಟಾಲ್ ಆಗಿ ನಿಂತಿದೆ ಅಂದರೆ ಫೈಲ್ ತರುವುದು ಎಲ್ಲಿಂದ? ಗೊತ್ತಿದ್ದವರು ಫರ್ಮ್‌ವೇರ್ ಸೇರಿಸಿದ ಅನಧಿಕೃತ ಐಎಸ್‌ಒ ಹುಡುಕಿಕೊಂಡು ಹೋಗುತ್ತಿದ್ದರು. ಗೊತ್ತಿಲ್ಲದವರು ಡೆಬಿಯನ್ನನ್ನೇ ಬಿಡುತ್ತಿದ್ದರು.

2022ರಲ್ಲಿ ಡೆಬಿಯನ್ ಡೆವಲಪರುಗಳು ಮತ ಹಾಕಿ ಇದನ್ನು ಬದಲಾಯಿಸಿದರು. 2023ರ ಜೂನ್ 10ರಂದು ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಅಧಿಕೃತ ಐಎಸ್‌ಒದಲ್ಲೇ ಇದೆ. ಯಾವ ಸಾಧನ ಸಿಕ್ಕಿದೆ ಅಂತ ನೋಡಿ, ಅದಕ್ಕೆ ಬೇಕಾದ ಪ್ಯಾಕೇಜನ್ನು ಇನ್‌ಸ್ಟಾಲರ್ ತಾನೇ ಹಾಕುತ್ತದೆ. ಬೇಡ ಅನ್ನುವವರಿಗೆ ಬೂಟ್ ಸಾಲಿನಲ್ಲೇ ಅದನ್ನು ನಿಲ್ಲಿಸುವ ಆಯ್ಕೆಯೂ ಇದೆ. ಹಳೆಯ ಅನುಭವದ ಮೇಲೆ "ಡೆಬಿಯನ್‌ನಲ್ಲಿ ವೈಫೈ ಬರಲ್ಲ" ಅಂತ ಈಗಲೂ ಹೇಳುವವರಿದ್ದಾರೆ. ಆ ಮಾತಿನ ಕಾಲ ಮುಗಿದಿದೆ.

ಉಳಿದಿರುವ ತೊಂದರೆ ಕರ್ನಲ್‌ನ ವಯಸ್ಸು. ಡೆಬಿಯನ್ 12ರಲ್ಲಿ 6.1, 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 6.12. ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಅಂದರೆ, ಆ ಎರಡು ವರ್ಷದಲ್ಲಿ ಬಂದ ಲ್ಯಾಪ್‌ಟಾಪುಗಳಿಗೆ ಡ್ರೈವರ್ ಇಲ್ಲದಿರಬಹುದು. ಬ್ಯಾಕ್‌ಪೋರ್ಟ್ಸ್ ಅನ್ನುವ, ಹೊಸ ಪ್ಯಾಕೇಜುಗಳ ಸಂಗ್ರಹದಿಂದ ಹೊಸ ಕರ್ನಲ್ ಹಾಕಿಕೊಳ್ಳಬಹುದು ನಿಜ, ಆದರೆ ಅದಕ್ಕೆ ಮೊದಲು ಇನ್‌ಸ್ಟಾಲ್ ಮುಗಿಯಬೇಕು, ನೆಟ್ ಬರಬೇಕು.

ಉಬುಂಟು, ಮಿಂಟ್

ಉಬುಂಟು ಇನ್‌ಸ್ಟಾಲ್ ಮಾಡುವಾಗ ಗ್ರಾಫಿಕ್ಸ್ ಮತ್ತು ವೈಫೈಗೆ ಥರ್ಡ್ ಪಾರ್ಟಿ ತಂತ್ರಾಂಶ ಹಾಕಲಾ ಅಂತ ಒಂದು ಚೆಕ್‌ಬಾಕ್ಸ್ ಬರುತ್ತದೆ. ತುಂಬ ಜನ ಓದದೆ ಮುಂದೆ ಹೋಗುತ್ತಾರೆ. ಎನ್‌ವಿಡಿಯಾ ಕಾರ್ಡ್ ಇದ್ದರೆ, ಹಳೆಯ ಬ್ರಾಡ್‌ಕಾಮ್ ವೈಫೈ ಇದ್ದರೆ, ದಯವಿಟ್ಟು ಅಲ್ಲಿ ಟಿಕ್ ಹಾಕಿ. ಮೇಲೆ ಮಾಡ್‌ಅಲಿಯಾಸ್ ಸಾಲಿನ ಬಗ್ಗೆ ಹೇಳಿದೆನಲ್ಲ, ಉಬುಂಟು ಅದನ್ನೇ ಇನ್ನೊಂದು ಹೆಜ್ಜೆ ಮುಂದೆ ಬಳಸುತ್ತದೆ. ಕರ್ನಲ್‌ನಲ್ಲಿ ಇಲ್ಲದ ಡ್ರೈವರ್ ಪ್ಯಾಕೇಜುಗಳ ಮೇಲೂ ಯಾವ ಯಾವ ನಂಬರಿಗೆ ಆಗುತ್ತದೆ ಅಂತ ಬರೆದಿರುತ್ತಾರೆ. ಉಬುಂಟು ಡ್ರೈವರ್ಸ್ ಅನ್ನುವ ಸಾಧನ ನಿಮ್ಮ ಯಂತ್ರದ ನಂಬರುಗಳನ್ನು ಅದರ ಜೊತೆ ತಾಳೆ ನೋಡಿ, ಈ ಪ್ಯಾಕೇಜ್ ನಿನಗೆ ಸರಿಹೊಂದುತ್ತದೆ ಅಂತ ಹೇಳುತ್ತದೆ. ಮಾಮೂಲಿ ಹಾರ್ಡ್‌ವೇರ್ ಹುಡುಕಾಟಕ್ಕಿಂತ ಇಲ್ಲಿ ಜಾಸ್ತಿ ಕೆಲಸ ನಿಜವಾಗಿಯೂ ಆಗಿದೆ.

ಎಲ್‌ಟಿಎಸ್, ಅಂದರೆ ಹೆಚ್ಚು ವರ್ಷ ಅಪ್‌ಡೇಟ್ ಸಿಗುವ ಆವೃತ್ತಿಯ ಐಎಸ್‌ಒ ಇಳಿಸುವಾಗ ಕೊನೆಯ ಅಂಕಿ ನೋಡಿಕೊಳ್ಳಿ. ಉಬುಂಟು 20.04ರ ಮೊದಲ ಐಎಸ್‌ಒದಲ್ಲಿ 5.4 ಕರ್ನಲ್ ಇತ್ತು. ನಾನು ಮೇಲೆ ಹೇಳಿದ ಎಎಕ್ಸ್210 ವೈಫೈಗೆ ಬೇಕಿದ್ದದ್ದು 5.10. ಅಲ್ಲಿಗೆ ವೈಫೈ ಇಲ್ಲ. ಆದರೆ ಅದೇ ಉಬುಂಟುವಿನ 20.04.3 ಐಎಸ್‌ಒದಲ್ಲಿ 5.11 ಇತ್ತು. ಹೆಸರು ಒಂದೇ, ಐಎಸ್‌ಒ ಬೇರೆ, ಫಲಿತಾಂಶವೂ ಬೇರೆ. 24.04ರಲ್ಲೂ ಇದೇ ಕಥೆ: ಮೊದಲನೆಯದರಲ್ಲಿ 6.8, 24.04.2ರಲ್ಲಿ 6.11. ಪೆನ್‌ಡ್ರೈವಿನಲ್ಲಿ ಹಳೆಯ ಐಎಸ್‌ಒ ಇದೆ ಅಂತ ಅದನ್ನೇ ಹಾಕಲು ಹೋಗಬೇಡಿ.

ಮಿಂಟ್ ನಿಂತಿರುವುದು ಉಬುಂಟು ಎಲ್‌ಟಿಎಸ್ ಮೇಲೆ. ಹಾಗಾಗಿ ಗುರುತಿಸುವ ವಿಷಯದಲ್ಲಿ ಅದೇ ಗುಣ, ಅದೇ ದೋಷ. ನನಗೆ ಮಿಂಟ್ ಮೇಲೆ ಪ್ರೀತಿ ಹುಟ್ಟಿಸಿದ್ದು ಅದರ ಡ್ರೈವರ್ ಮ್ಯಾನೇಜರ್. ಬ್ರಾಡ್‌ಕಾಮ್ ವೈಫೈ ಇರುವವರಿಗೆ ಒಂದು ಪೇಚಾಟ ಗೊತ್ತೇ ಇರುತ್ತದೆ: ವೈಫೈ ಬರಲು ಡ್ರೈವರ್ ಬೇಕು, ಡ್ರೈವರ್ ತರಲು ನೆಟ್ ಬೇಕು, ನೆಟ್ ಬೇಕೆಂದರೆ ವೈಫೈ ಬರಬೇಕು. ಮಿಂಟ್‌ನಲ್ಲಿ ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವನ್ನೇ ಮತ್ತೆ ಚುಚ್ಚಿ ಡ್ರೈವರ್ ಮ್ಯಾನೇಜರ್ ತೆಗೆದರೆ, ಅದರೊಳಗಿರುವ ಪ್ಯಾಕೇಜನ್ನೇ ಬಳಸಿಕೊಳ್ಳುತ್ತದೆ. ನೆಟ್ ಇಲ್ಲದವರ ಕಷ್ಟ ತಿಳಿದವರು ಮಾಡಿದ ಕೆಲಸ ಇದು.

ಫೆಡೋರಾ

ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ, ಆಯಾ ಸಮಯದ ಹೊಸ ಕರ್ನಲ್, ಹಂಚಲು ಅನುಮತಿ ಇರುವ ಫರ್ಮ್‌ವೇರ್ ಎಲ್ಲ ಐಎಸ್‌ಒದಲ್ಲೇ. ಇಂಟೆಲ್ ಅಥವಾ ಎಎಮ್‌ಡಿ ಗ್ರಾಫಿಕ್ಸ್ ಇರುವ ಹೊಸ ಲ್ಯಾಪ್‌ಟಾಪ್ ನಿಮ್ಮದಾದರೆ ಇಲ್ಲಿಗೆ ಓದುವುದು ನಿಲ್ಲಿಸಿ ಫೆಡೋರಾ ಹಾಕಿ ನೋಡಬಹುದು. ಅಷ್ಟು ಧೈರ್ಯವಾಗಿ ಹೇಳುತ್ತೇನೆ.

ಎನ್‌ವಿಡಿಯಾ ಇದ್ದರೆ ಮಾತು ಬೇರೆ. ಐಎಸ್‌ಒದಲ್ಲಿ ಬರುವುದು ನೂವೋ ಅನ್ನುವ ಮುಕ್ತ ಡ್ರೈವರ್. ಕಂಪನಿಯ ಡ್ರೈವರ್ ಬೇಕೆಂದರೆ ಆಮೇಲೆ ಥರ್ಡ್ ಪಾರ್ಟಿ ರೆಪಾಸಿಟರಿ (ಪ್ಯಾಕೇಜುಗಳ ಸಂಗ್ರಹ) ಆನ್ ಮಾಡಿ ಹಾಕಿಕೊಳ್ಳಬೇಕು. ಹಾಕಿದ ತಕ್ಷಣ ರೀಬೂಟ್ ಮಾಡಬೇಡಿ. ನಿಮ್ಮ ಕರ್ನಲ್‌ಗೆ ತಕ್ಕ ಹಾಗೆ ಮಾಡ್ಯೂಲ್ (ಡ್ರೈವರಿನ ಫೈಲ್) ನಿಮ್ಮ ಯಂತ್ರದಲ್ಲೇ ತಯಾರಾಗುತ್ತಿರುತ್ತದೆ, ಅದಕ್ಕೆ ಕೆಲವು ನಿಮಿಷ ಬೇಕು. ಅವಸರ ಮಾಡಿ ರೀಬೂಟ್ ಮಾಡಿದವರೇ "ಕಪ್ಪು ಪರದೆ ಬಂತು" ಅಂತ ಕೇಳಿಕೊಂಡು ಬರುತ್ತಾರೆ.

ಆರ್ಚ್, ಮಂಜಾರೋ, ಉಳಿದವು

ಆರ್ಚ್ ಐಎಸ್‌ಒ ತಿಂಗಳಿಗೊಂದು ಬರುತ್ತದೆ, ಕರ್ನಲ್ ಯಾವಾಗಲೂ ತಾಜಾ. ಲೈವ್ ಪರಿಸರದಲ್ಲಿ ಎಲ್ಲವೂ ತಾನೇ ಸಿಗುತ್ತದೆ. ಆದರೆ ಹೊಸ ಸಿಸ್ಟಂಗೆ ಯಾವ ಪ್ಯಾಕೇಜ್ ಹೋಗಬೇಕು ಅನ್ನುವುದನ್ನು ನೀವು ಹೇಳಬೇಕು. ಫರ್ಮ್‌ವೇರ್ ಪ್ಯಾಕೇಜ್ ಬರೆಯಲು ಮರೆತರೆ, ಇನ್‌ಸ್ಟಾಲ್ ಮಾಡುವಾಗ ಓಡುತ್ತಿದ್ದ ವೈಫೈ ರೀಬೂಟ್ ಆದ ಮೇಲೆ ಇರುವುದಿಲ್ಲ. ಆರ್ಚ್‌ಇನ್‌ಸ್ಟಾಲ್ ಅನ್ನುವ ಇನ್‌ಸ್ಟಾಲರ್ ಬಳಸಿದರೆ ಸ್ವಲ್ಪ ಸುಲಭ, ಅಲ್ಲೂ ಗ್ರಾಫಿಕ್ಸ್ ಡ್ರೈವರ್ ಯಾವುದು ಅನ್ನುವುದನ್ನು ಮೆನುವಿನಲ್ಲಿ ಆರಿಸಬಹುದು.

ಮಂಜಾರೋ ಇದಕ್ಕೆಂದೇ ಎಮ್‌ಎಚ್‌ಡಬ್ಲ್ಯುಡಿ ಅನ್ನುವ ತನ್ನದೇ ಸಾಧನ ಮಾಡಿಕೊಂಡಿದೆ. ಬೂಟ್ ಮೆನುವಿನಲ್ಲೇ ಮುಕ್ತ ಡ್ರೈವರ್ ಬೇಕಾ, ಕಂಪನಿಯದು ಬೇಕಾ ಅಂತ ಕೇಳುತ್ತದೆ. ಪಾಪ್ ಓಎಸ್ ಎನ್‌ವಿಡಿಯಾದವರಿಗೆ ಬೇರೆ ಐಎಸ್‌ಒ ಇಟ್ಟಿದೆ. ಓಪನ್‌ಸೂಸೆ ಕಡೆಯಿಂದ ಬಂದ ಎಚ್‌ಡಬ್ಲ್ಯುಇನ್ಫೋ ಅನ್ನುವ ಸಾಧನ ಎಲ್ಲ ಹಾರ್ಡ್‌ವೇರನ್ನೂ ಬಿಡಿಬಿಡಿಯಾಗಿ ತೋರಿಸುತ್ತದೆ, ಅದನ್ನು ಬೇರೆ ಡಿಸ್ಟ್ರೋಗಳಲ್ಲೂ ಹಾಕಿಕೊಳ್ಳಬಹುದು. ಟ್ರಿಸ್ಕ್ವೆಲ್‌ನಂಥವು ಮುಕ್ತವಲ್ಲದ ಫರ್ಮ್‌ವೇರನ್ನು ಪೂರ್ತಿ ಬಿಟ್ಟಿವೆ. ಆ ನಿಲುವು ನಿಮಗೂ ಮುಖ್ಯ ಅನ್ನಿಸಿದರೆ ಹಾರ್ಡ್‌ವೇರನ್ನೇ ಅದಕ್ಕೆ ತಕ್ಕಂತೆ ಆರಿಸಿಕೊಳ್ಳಬೇಕು. ಉದಾಹರಣೆಗೆ, ಎಟಿಎಚ್9ಕೆ ಡ್ರೈವರ್ ಬಳಸುವ ಅಥೆರೋಸ್‌ನ ಹಳೆಯ ಪಿಸಿಐ ವೈಫೈ ಕಾರ್ಡುಗಳಿಗೆ ಫರ್ಮ್‌ವೇರ್ ಫೈಲ್ ಬೇಕಿಲ್ಲ.

ಲೈವ್ ನೋಡಿ ಹಾಕುವುದಾ, ನೇರವಾಗಿ ಹಾಕುವುದಾ

ಲೈವ್ ನೋಡಿಯೇ ಹಾಕಿ. ಇದರಲ್ಲಿ ಎರಡನೇ ಮಾತಿಲ್ಲ. ಅರ್ಧ ಗಂಟೆ ಕೊಡಿ. ವೈಫೈಗೆ ಸೇರಿಸಿ ಒಂದು ವಿಡಿಯೋ ಓಡಿಸಿ, ಸೌಂಡ್ ಕೇಳಿ. ಕ್ಯಾಮೆರಾ, ಮೈಕು ನೋಡಿ. ಬೆಳಕು ಹೆಚ್ಚು ಕಮ್ಮಿ ಮಾಡುವ ಕೀ ಒತ್ತಿ. ಟಚ್‌ಪ್ಯಾಡಿನಲ್ಲಿ ಎರಡು ಬೆರಳಿನಿಂದ ಸರಿಸಿ. ಎಲ್ಲರೂ ಮರೆಯುವುದು ಒಂದಿದೆ: ಲ್ಯಾಪ್‌ಟಾಪ್ ಮುಚ್ಚಿ, ಎರಡು ನಿಮಿಷ ಬಿಟ್ಟು ತೆಗೆಯಿರಿ. ಸರಿಯಾಗಿ ಎದ್ದೇಳುತ್ತದಾ? ಎದ್ದ ಮೇಲೆ ವೈಫೈ ಇದೆಯಾ? ಇದು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ, ಮಾಡಿಯೇ ನೋಡಬೇಕು.

ಒಂದು ಎಚ್ಚರ. ಎನ್‌ವಿಡಿಯಾ ಕಾರ್ಡ್ ಇದ್ದರೆ ಲೈವ್‌ನಲ್ಲಿ ಕಂಡದ್ದೇ ಕೊನೆಯ ಮಾತಲ್ಲ, ಏಕೆಂದರೆ ಹೆಚ್ಚಿನ ಡಿಸ್ಟ್ರೋಗಳ ಲೈವ್‌ನಲ್ಲಿ ಕಂಪನಿಯ ಡ್ರೈವರ್ ಇರುವುದಿಲ್ಲ. ಬೂಟ್ ಆಗುವಾಗಲೇ ಪರದೆ ಕಪ್ಪಾದರೆ ಮೊದಲ ಮೆನುವಿನಲ್ಲಿ ಸೇಫ್ ಗ್ರಾಫಿಕ್ಸ್ ಅಂತ ಉಬುಂಟುವಿನಲ್ಲಿ, ಕಂಪ್ಯಾಟಿಬಿಲಿಟಿ ಮೋಡ್ ಅಂತ ಮಿಂಟ್‌ನಲ್ಲಿ, ಟ್ರಬಲ್‌ಶೂಟಿಂಗ್ ಒಳಗೆ ಬೇಸಿಕ್ ಗ್ರಾಫಿಕ್ಸ್ ಅಂತ ಫೆಡೋರಾದಲ್ಲಿ ಇರುತ್ತದೆ. ಇವು ಕರ್ನಲ್‌ಗೆ ನೋಮೋಡ್‌ಸೆಟ್ ಅನ್ನುವ ಮಾತನ್ನು ಹೇಳಿ, ಗ್ರಾಫಿಕ್ಸ್ ಡ್ರೈವರನ್ನು ಸದ್ಯಕ್ಕೆ ಮುಟ್ಟಬೇಡ ಅನ್ನುತ್ತವೆ. ಇನ್‌ಸ್ಟಾಲ್ ಮುಗಿಸಲು ಇದು ಸಾಕು. ಸರಿಯಾದ ಡ್ರೈವರ್ ಹಾಕಿದ ಮೇಲೆ ಅದನ್ನು ತೆಗೆದುಬಿಡಿ, ಇಲ್ಲದಿದ್ದರೆ ಪರದೆ ನಿಧಾನವಾಗಿಯೇ ಉಳಿಯುತ್ತದೆ.

ನೆಟ್ ಬೇಕು, ವೈಫೈ ಇಲ್ಲ ಅನ್ನುವಾಗ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ವೈರಿನಿಂದ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಕಂಪ್ಯೂಟರಿಗೆ ಅದು ನೆಟ್‌ವರ್ಕ್ ಕೇಬಲ್ ಇದ್ದ ಹಾಗೆ ಕಾಣುತ್ತದೆ. ಅದರ ಡ್ರೈವರ್ ಕರ್ನಲ್‌ನಲ್ಲೇ ಇದೆ, ಫರ್ಮ್‌ವೇರ್ ಬೇಕಿಲ್ಲ. ನನ್ನನ್ನು ಎಷ್ಟೋ ಸಲ ಕಾಪಾಡಿದೆ.

ಡಿಸ್ಕೇ ಕಾಣದಿದ್ದರೆ

ವೈಫೈ ಇಲ್ಲದಿದ್ದರೆ ಹೇಗೋ ನಡೆಯುತ್ತದೆ. ಲಿನಕ್ಸ್ ಹಾಕಬೇಕಾದ ಡಿಸ್ಕೇ ಪಟ್ಟಿಯಲ್ಲಿ ಇಲ್ಲದಿದ್ದರೆ? ಇಂಟೆಲ್ ಪ್ರೊಸೆಸರಿನ ಲ್ಯಾಪ್‌ಟಾಪುಗಳಲ್ಲಿ ಇದು ಆಗಾಗ ಕಾಣುವ ತೊಂದರೆ. ವಿಂಡೋಸ್ ಜೊತೆ ಬಂದ ಕೆಲವು ಯಂತ್ರಗಳಲ್ಲಿ ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆದ ಕೂಡಲೇ ತೆಗೆಯಬಹುದಾದ ಸೆಟ್ಟಿಂಗ್ ಪರದೆ) ಸ್ಟೋರೇಜ್ ಮೋಡನ್ನು ರೇಡ್ ಅಥವಾ ಆರ್‌ಎಸ್‌ಟಿ ಅಂತ ಇಟ್ಟಿರುತ್ತಾರೆ. ಆಗ ಎನ್‌ವಿಎಮ್‌ಇ ಡಿಸ್ಕ್ (ಈಗಿನ ವೇಗದ ಎಸ್‌ಎಸ್‌ಡಿ) ಇನ್ನೊಂದು ಕಂಟ್ರೋಲರಿನ ಬೆನ್ನಿಗೆ ಅಡಗಿ ಕೂರುತ್ತದೆ. ಡಿಸ್ಕ್ ತಾನಿರುವ ಜಾಗದಿಂದ ಉತ್ತರವನ್ನೇ ಕೊಡದಿದ್ದರೆ ಕರ್ನಲ್ ಏನು ಮಾಡಲು ಸಾಧ್ಯ ಹೇಳಿ. ಆದರೂ ಒಂದು ಸುಳಿವು ಬಿಟ್ಟಿರುತ್ತದೆ. ಡಿಮೆಸೇಜ್‌ನಲ್ಲಿ ಹುಡುಕಿದರೆ, ರೀಮ್ಯಾಪ್ ಆದ ಎನ್‌ವಿಎಮ್‌ಇ ಡಿಸ್ಕ್ ಸಿಕ್ಕಿದೆ, ಅದನ್ನು ಬಳಸಬೇಕಾದರೆ ಬಯಾಸ್‌ನಲ್ಲಿ ರೇಡ್‌ನಿಂದ ಎಎಚ್‌ಸಿಐಗೆ (ಡಿಸ್ಕನ್ನು ನೇರವಾಗಿ ತೋರಿಸುವ ಮೋಡ್) ಬದಲಾಯಿಸಿ ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ಮೊದಲ ಸಲ ಆ ಸಾಲು ಓದಿದಾಗ ನನಗೆ ತುಂಬ ಸಮಾಧಾನವಾಗಿತ್ತು. ಡಿಸ್ಕ್ ಸತ್ತಿದೆ ಅಂತಲೇ ಅಂದುಕೊಂಡಿದ್ದೆ.

ಆ ಯಂತ್ರದಲ್ಲಿ ವಿಂಡೋಸ್ ಉಳಿಸಿಕೊಳ್ಳಬೇಕು ಅಂದರೆ ನಿಧಾನವಾಗಿ ಹೋಗಿ. ಸುಮ್ನೆ ಬಯಾಸ್‌ನಲ್ಲಿ ಬದಲಾಯಿಸಿದರೆ ವಿಂಡೋಸ್ ಎದ್ದೇಳದೆ ಇರಬಹುದು. ಮೊದಲು ಬಿಟ್‌ಲಾಕರಿನ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ರಿಕವರಿ ಕೀ ಬರೆದಿಟ್ಟುಕೊಳ್ಳಿ. ಮುಂದಿನ ಬೂಟ್ ಸೇಫ್ ಮೋಡ್‌ನಲ್ಲಿ ಆಗುವ ಹಾಗೆ ವಿಂಡೋಸ್‌ಗೆ ಹೇಳಿ, ಆಮೇಲೆ ಬಯಾಸ್‌ನಲ್ಲಿ ಎಎಚ್‌ಸಿಐ ಮಾಡಿ, ಒಂದು ಸಲ ಸೇಫ್ ಮೋಡ್‌ನಲ್ಲಿ ಬೂಟ್ ಆಗಲು ಬಿಡಿ. ಅಷ್ಟರಲ್ಲಿ ವಿಂಡೋಸ್ ಎಎಚ್‌ಸಿಐ ಡ್ರೈವರ್ ಹಿಡಿದುಕೊಳ್ಳುತ್ತದೆ. ಕೊನೆಗೆ ಸೇಫ್ ಮೋಡ್ ತೆಗೆಯಿರಿ. ಇದರಲ್ಲಿ ಡಿಸ್ಟ್ರೋ ಬದಲಾಯಿಸಿದರೆ ಏನೂ ಉಪಯೋಗವಿಲ್ಲ.

ಎಲ್ಲ ಡ್ರೈವರ್ ಇಟ್ಟುಕೊಳ್ಳುವುದಾ, ಬೇಕಾದಷ್ಟೇ ಸಾಕಾ

ಇದನ್ನು ಯಾರೂ ಹೆಚ್ಚು ಮಾತಾಡುವುದಿಲ್ಲ, ಆದರೆ ಡಿಸ್ಟ್ರೋಗಳ ನಡುವೆ ನಿಜವಾದ ವ್ಯತ್ಯಾಸ ಇರುವುದು ಇಲ್ಲಿ. ಬೂಟ್ ಆಗುವಾಗ ಡಿಸ್ಕ್ ಓದಲು ಡ್ರೈವರ್ ಬೇಕು, ಆ ಡ್ರೈವರ್ ಇರುವುದು ಡಿಸ್ಕಿನ ಒಳಗೆ. ಈ ಗಂಟು ಬಿಚ್ಚಲು ಇನಿಟ್‌ರಾಮ್‌ಎಫ್‌ಎಸ್ ಅನ್ನುವ ಒಂದು ಸಣ್ಣ ಕಟ್ಟನ್ನು ಕರ್ನಲ್ ಜೊತೆ ಮೆಮೊರಿಗೆ ತರುತ್ತಾರೆ. ಅದರಲ್ಲಿ ಯಾವ ಡ್ರೈವರುಗಳನ್ನು ತುಂಬಬೇಕು?

ಡೆಬಿಯನ್ ಮಾಮೂಲಾಗಿ ಹೆಚ್ಚಿನವನ್ನೆಲ್ಲ ತುಂಬುತ್ತದೆ. ಎಕ್ಸ್‌ಪರ್ಟ್ ಇನ್‌ಸ್ಟಾಲ್‌ನಲ್ಲಿ ಹೋದರೆ ಎಲ್ಲವೂ ಬೇಕಾ, ಈ ಯಂತ್ರಕ್ಕೆ ಬೇಕಾದಷ್ಟು ಸಾಕಾ ಅಂತ ಕೇಳುತ್ತದೆ ಕೂಡ. ಫೆಡೋರಾದಲ್ಲಿ ಈ ಕಟ್ಟನ್ನು ಮಾಡುವ ಡ್ರಾಕಟ್ ಈ ಯಂತ್ರದಲ್ಲಿ ಸಿಕ್ಕಿದ್ದನ್ನು ನೋಡಿ ಅಷ್ಟನ್ನೇ ತುಂಬುತ್ತದೆ, ಕಷ್ಟಕಾಲಕ್ಕೆ ಇರಲಿ ಅಂತ ಎಲ್ಲವೂ ಇರುವ ಒಂದು ರೆಸ್ಕ್ಯೂ ಕಟ್ಟನ್ನು ಪಕ್ಕದಲ್ಲಿ ಇಡುತ್ತದೆ. ಆರ್ಚ್‌ನಲ್ಲಿ ಆಟೋಡಿಟೆಕ್ಟ್ ಅನ್ನುವ ಹುಕ್ (ಕಟ್ಟು ಮಾಡುವಾಗಿನ ಒಂದು ಹೆಜ್ಜೆ) ಇದೇ ಕೆಲಸ ಮಾಡುತ್ತದೆ.

ಒಂದೇ ಯಂತ್ರದಲ್ಲಿ ಇರುವವರೆಗೆ ಯಾವುದಾದರೂ ಒಂದೇ. ಲ್ಯಾಪ್‌ಟಾಪ್ ಕೆಟ್ಟು, ಎಸ್‌ಎಸ್‌ಡಿ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದ ದಿನ ಗೊತ್ತಾಗುತ್ತದೆ. ನಾನು ಹಾಗೆ ಒಂದು ಡೆಬಿಯನ್ ಡಿಸ್ಕನ್ನು ಇಂಟೆಲ್ ಯಂತ್ರದಿಂದ ಎಎಮ್‌ಡಿ ಯಂತ್ರಕ್ಕೆ ಹಾಕಿದೆ. ಪವರ್ ಒತ್ತಿದೆ, ಲಾಗಿನ್ ಪರದೆ ಬಂತು, ಹಿಂದಿನ ದಿನ ತೆರೆದಿಟ್ಟಿದ್ದ ಕೆಲಸಕ್ಕೆ ಮತ್ತೆ ಕೂತೆ. ಆರ್ಚ್ ಡಿಸ್ಕೊಂದು ಮಾತ್ರ ರೂಟ್ ಡಿವೈಸ್ (ಸಿಸ್ಟಂ ಇರುವ ಡಿಸ್ಕ್) ಸಿಗಲಿಲ್ಲ ಅಂತ ನಿಂತುಬಿಟ್ಟಿತು. ಲೈವ್ ಪೆನ್‌ಡ್ರೈವ್ ಹಾಕಿ, ಸಿಸ್ಟಂ ಒಳಗೆ ಹೋಗಿ, ಆ ಹುಕ್ ತೆಗೆದು ಕಟ್ಟನ್ನು ಮತ್ತೆ ಮಾಡಿಸಬೇಕಾಯಿತು. ಯಂತ್ರ ಬದಲಾಯಿಸುವ ಸಾಧ್ಯತೆ ಇದ್ದರೆ ಮೊದಲೇ ಎಲ್ಲ ಡ್ರೈವರ್ ಇರುವ ಕಟ್ಟು ಮಾಡಿಟ್ಟುಕೊಳ್ಳಿ. ಬೂಟ್ ಆಗಲು ಹಿಡಿಯುವ ಒಂದೆರಡು ಸೆಕೆಂಡಿನ ಲೆಕ್ಕ ಹಾಕಬೇಡಿ.

ಸೆಕ್ಯೂರ್ ಬೂಟ್ ಇದ್ದಾಗ

ಸೆಕ್ಯೂರ್ ಬೂಟ್ ಅಂದರೆ ನಂಬಿಕೆಯ ಡಿಜಿಟಲ್ ಸಹಿ ಇರುವ ತಂತ್ರಾಂಶವನ್ನು ಮಾತ್ರ ಓಡಲು ಬಿಡುವ ವ್ಯವಸ್ಥೆ. ಸಹಿ ಇಲ್ಲದ ಡ್ರೈವರನ್ನು ಲೋಡ್ ಮಾಡಲು ಅದು ಬಿಡುವುದಿಲ್ಲ. ಕರ್ನಲ್ ಜೊತೆ ಬರುವ ಡ್ರೈವರುಗಳಿಗೆ ಡೆಬಿಯನ್, ಉಬುಂಟು, ಮಿಂಟ್, ಫೆಡೋರಾಗಳಲ್ಲಿ ಡಿಸ್ಟ್ರೋದ ಕಡೆಯಿಂದಲೇ ಸಹಿ ಇರುತ್ತದೆ, ಅಲ್ಲಿ ತಲೆಬಿಸಿ ಇಲ್ಲ. ತೊಂದರೆ ಬರುವುದು ನಿಮ್ಮ ಯಂತ್ರದಲ್ಲೇ ತಯಾರಾಗುವ ಡ್ರೈವರುಗಳಿಗೆ. ಇನ್‌ಸ್ಟಾಲ್ ಮಾಡುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಬೂಟ್ ಆದಾಗ ನೀಲಿ ಪರದೆಯ ಮೇಲೆ ಎನ್‌ರೋಲ್ ಮೋಕ್ (ನಿಮ್ಮ ಸಹಿಯ ಕೀ ಸೇರಿಸು) ಅಂತ ಬರುತ್ತದೆ, ಅದನ್ನು ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆ ಕೆಲವೇ ಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಕೀ ಒತ್ತದಿದ್ದರೆ ಮಾಮೂಲಿ ಬೂಟ್ ಆಗಿಬಿಡುತ್ತದೆ, ಡ್ರೈವರ್ ಇದ್ದೂ ಲೋಡ್ ಆಗುವುದಿಲ್ಲ. ಹಾಗಾಗಿ ರೀಬೂಟ್ ಕೊಟ್ಟು ಎದ್ದು ಹೋಗಬೇಡಿ.

ಈ ವಿಷಯದಲ್ಲಿ ಉಬುಂಟು ಮುಂದಿದೆ. ಎನ್‌ವಿಡಿಯಾ ಮಾಡ್ಯೂಲುಗಳನ್ನು ತಾವೇ ತಯಾರಿಸಿ ಸಹಿ ಹಾಕಿಯೇ ಕೊಡುತ್ತಾರೆ. ಫೆಡೋರಾ 41ರಿಂದ ಸಾಫ್ಟ್‌ವೇರ್ ಆ್ಯಪ್ ಮೂಲಕವೇ ಎನ್‌ವಿಡಿಯಾ ಡ್ರೈವರ್ ಹಾಕಿ, ಕೀ ಸೇರಿಸುವ ದಾರಿ ಮಾಡಿದ್ದಾರೆ.

ಹಾಗಾದರೆ ಯಾವುದು ಹಾಕಲಿ

ನನ್ನನ್ನು ಕೇಳಿದರೆ ಮೊದಲು ನಿಮ್ಮ ಯಂತ್ರ ಯಾವ ವರ್ಷದ್ದು ಅಂತ ಕೇಳುತ್ತೇನೆ. ನಾಲ್ಕೈದು ವರ್ಷ ಹಳೆಯದು, ಗ್ರಾಫಿಕ್ಸ್ ಇಂಟೆಲ್‌ನದೋ ಎಎಮ್‌ಡಿಯದೋ ಅಂದರೆ ಮೇಲಿನ ಯಾವುದನ್ನು ಹಾಕಿದರೂ ಎಲ್ಲವೂ ಹೆಚ್ಚುಕಮ್ಮಿ ತಾನಾಗಿಯೇ ಸಿಗುತ್ತದೆ. ಆಗ ನಾನು ಡೆಬಿಯನ್ ಅನ್ನುತ್ತೇನೆ. ಮೊದಲ ಸಲ ಲಿನಕ್ಸಿಗೆ ಬರುವವರಾದರೆ ಮಿಂಟ್. ಈ ವರ್ಷ ಕೊಂಡ ಲ್ಯಾಪ್‌ಟಾಪಾದರೆ ಫೆಡೋರಾ, ಅಲ್ಲೂ ಏನಾದರೂ ಸಿಗದಿದ್ದರೆ ಆರ್ಚ್ ಐಎಸ್‌ಒದಲ್ಲಿ ಬೂಟ್ ಮಾಡಿ ನೋಡಿ. ಅಷ್ಟು ಹೊಸ ಕರ್ನಲ್‌ನಲ್ಲೂ ಡ್ರೈವರ್ ಇಲ್ಲ ಅಂದರೆ ಸದ್ಯಕ್ಕೆ ಕಾಯಬೇಕು, ಇಲ್ಲವೇ ಆ ವೈಫೈ ಕಾರ್ಡನ್ನೇ ಬದಲಾಯಿಸಬೇಕು. ಎನ್‌ವಿಡಿಯಾ ಇದ್ದು, ಸೆಕ್ಯೂರ್ ಬೂಟ್ ಆನ್ ಇರಲೇಬೇಕು ಅಂದರೆ ಉಬುಂಟು. ಹಳೆಯ ಬ್ರಾಡ್‌ಕಾಮ್ ವೈಫೈ ಆದರೆ ಯೋಚಿಸದೆ ಮಿಂಟ್.

ಏನೇ ಹಾಕಿ, ಡಿಸ್ಕ್ ಅಳಿಸುವ ಮುಂಚೆ ಒಂದು ಕೆಲಸ ಮಾಡಿ. ಲೈವ್‌ನಲ್ಲಿ ಎಲ್ಲವೂ ಓಡುತ್ತಿರುವಾಗಲೇ ಆ ಎಲ್‌ಎಸ್‌ಪಿಸಿಐ ಪಟ್ಟಿಯನ್ನೂ, ಯುಎಸ್‌ಬಿಯದಕ್ಕೆ ಎಲ್‌ಎಸ್‌ಯುಎಸ್‌ಬಿ ಪಟ್ಟಿಯನ್ನೂ ಒಂದು ಫೈಲಿಗೆ ಉಳಿಸಿ, ಇನ್ನೊಂದು ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ. ಇನ್‌ಸ್ಟಾಲ್ ಆದ ಮೇಲೆ ಅದೇ ಕಮಾಂಡ್ ಮತ್ತೆ ಕೊಟ್ಟು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ಮೊದಲು ಇದ್ದ "ಡ್ರೈವರ್ ಇನ್ ಯೂಸ್" ಸಾಲು ಈಗ ಎಲ್ಲಿ ಕಾಣೆಯಾಗಿದೆಯೋ, ಸರಿಮಾಡಬೇಕಾದದ್ದು ಅಲ್ಲೇ. ಯಾರನ್ನಾದರೂ ಸಹಾಯ ಕೇಳುವಾಗಲೂ "ವೈಫೈ ಬರ್ತಿಲ್ಲ" ಅನ್ನುವ ಬದಲು 8086:2725 ಅನ್ನುವಂಥ ಆ ಜೋಡಿ ನಂಬರನ್ನೇ ಕೊಡಿ.